ಬಲಗಡೆಯ ಅಧ್ಯಾಯ

ಹಲಸೂರು, ಬೆಂಗಳೂರು
12 ಜುಲೈ 1998

ಉಮ್ಮೆ ಕುಲ್ಸುಂಗೆ ಆಶೀರ್ವಾದಗಳು.

ನೀನು ಧಾರವಾಡದಿಂದ ನಿನ್ನ ಮೇಷ್ಟ್ರಿಗೆ ಬರೆದ ಕಾಗದಗಳು ಬಂದು ಸೇರಿವೆ. ಉತ್ತರ ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಯುಗಾದಿ ಕಳೆದ ಮೇಲೆ ನಮ್ಮ ಯಜಮಾನರಿಗೆ ಮೈ ಸ್ವಸ್ಥವಿರಲಿಲ್ಲ. ಬಲಗೈ ಸ್ವಲ್ಪ ಸೋತಿದೆ, ಪೆನ್ನು ಹಿಡಿಯಲು ಕಷ್ಟ. ಇನ್ನು ಮುಂದೆ ಅವರ ಪರವಾಗಿ ನಾನು ಬರೆಯುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ನನ್ನ ಕಾಗದದಲ್ಲಿ ನೀನು ಕಾಗುಣಿತ ತಿದ್ದುವ ಪ್ರಸಂಗ ಬರುವುದಿಲ್ಲ.

ಅವರ ಪುಸ್ತಕವನ್ನು ನಿಮ್ಮೂರಿನ ಪ್ರಕಾಶಕರು ಒಪ್ಪಿದ ವಿಷಯ ಓದಿ ಹೇಳಿದೆ. ಸಂತೋಷಪಟ್ಟರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಈ ಮನುಷ್ಯ ಗ್ರೀಕರ ಮಡಕೆ ಚೂರು, ಈಗಿನ ಕಲಾವಿದರು ಬಟ್ಟೆಯ ಮೇಲೆ ಕಸಕಡ್ಡಿ ಅಂಟಿಸಿ ಮಾಡುವ ಚಿತ್ರ, ಇವೆರಡನ್ನೇ ಹಿಡಿದು ಕುಳಿತಿದ್ದಾರೆ. ಕೆ.ಆರ್. ಪುರದ ಕಡೆಯ ನಮ್ಮ ನೆಂಟರು ಮದುವೆ ಮನೆಯಲ್ಲಿ ಅವರನ್ನು ಕಂಡರೆ, “ಏನ್ ಮೇಷ್ಟ್ರೇ, ಹೊಲ ನೋಡ್ಕೊಳ್ಳೋದ್ ಬಿಟ್ಟು ಯಾವ್ದೋ ದೇಶದ ಮಡಕೆ ತೊಳೀತಾ ಕೂತಿದ್ದೀರಂತೆ?” ಎಂದು ನಗುತ್ತಿದ್ದರು. ಅವರೂ ನಗುತ್ತಿದ್ದರು. ನಾನು ನಕ್ಕಿಲ್ಲ. ಬರುವ ಯುಗಾದಿಗೆ ಆ ನೆಂಟರನ್ನೆಲ್ಲ ಕರೆದು, ಇವರು ತಮ್ಮ ಕೈಯಿಂದಲೇ ಒಬ್ಬೊಬ್ಬರಿಗೂ ಪುಸ್ತಕ ಕೊಡಬೇಕು. ನನಗೆ ಬೇಕಾಗಿರುವುದು ಅಷ್ಟೇ. ತಡ ಮಾಡಬೇಡ.

ಫೋನು ಮಾಡಬೇಡ. ಮಾತಾಡಿದರೆ ಅವರಿಗೆ ಆಯಾಸವಾಗುತ್ತದೆ.

ಇಂತಿ,
ಅಣ್ಣಮ್ಮ


ಧಾರವಾಡ
25 ಜುಲೈ 1998

ಅಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ನೋಡಿ ಜೀವ ಬಂತು. ಸರ್‌ಗೆ ಹುಷಾರಿಲ್ಲವೆಂದು ಯಾರೂ ತಿಳಿಸಿರಲಿಲ್ಲ. ಶಿವಾಜಿನಗರದಲ್ಲಿ ನನ್ನ ತಾಯಿ ಇದ್ದಾರೆ. ಒಮ್ಮೆ ಬಂದು ನೋಡಿಕೊಂಡು ಹೋಗಲು ಅವರಿಗೆ ಹೇಳಲೇ?

ಪುಸ್ತಕವನ್ನು ಅಚ್ಚಿಗೆ ಸಿದ್ಧಮಾಡುವ ಕೆಲಸ ನಾನೇ ವಹಿಸಿಕೊಂಡು ಶುರುಮಾಡಿದ್ದೇನೆ. ಸರ್ ಅವರನ್ನು ಎರಡು ವಿಷಯ ಕೇಳಬೇಕು. ಹಸ್ತಪ್ರತಿಯ ಮೊದಲ ಹಾಳೆಯಲ್ಲಿ ಅವರೇ ಎರಡು ಹೆಸರು ಬರೆದಿದ್ದಾರೆ: ‘ಮಡಕೆ ಚೂರು, ಹೊಸ ಚಿತ್ರ’ ಮತ್ತು ‘ಅಥೆನ್ಸಿನಿಂದ ಈಚೆಗೆ’. ಯಾವುದು ಇರಲಿ? ರಕ್ಷಾಪುಟಕ್ಕೂ ಎರಡು ಚಿತ್ರ ಕಳಿಸಿದ್ದೇನೆ. ಒಂದರಲ್ಲಿ ಹೆಸರು ಗೀಚಿದ ಹಳೆಯ ಚೂರು ಇದೆ, ಇನ್ನೊಂದರಲ್ಲಿ ಅಮೃತಶಿಲೆಯ ಬಿಳಿ ವಿಗ್ರಹ. ನನಗೇನೋ ಎರಡಕ್ಕೂ ಅವರ ಉತ್ತರ ಈಗಲೇ ಗೊತ್ತು. ಆದರೂ ಕೇಳದೆ ಮುಂದುವರಿದರೆ ಕೆಂಪು ಪೆನ್ನು ಹಿಡಿದು ಕನಸಿನಲ್ಲಿ ಬರುತ್ತಾರೆ!

ನಿಮ್ಮ
ಉಮ್ಮೆ ಕುಲ್ಸುಂ


ಹಲಸೂರು
9 ಆಗಸ್ಟ್ 1998

ಕುಲ್ಸುಂಗೆ ಆಶೀರ್ವಾದಗಳು.

ಕೇಳಿದೆ. ಹೆಸರು ‘ಅಥೆನ್ಸಿನಿಂದ ಈಚೆಗೆ’. ಚಿತ್ರ ಬಿಳಿ ವಿಗ್ರಹ. ನಿನಗೆ ಗೊತ್ತಿದ್ದ ಉತ್ತರ ಇದೇ ಎಂದು ತಿಳಿಯುತ್ತೇನೆ.

ನಿನ್ನ ತಾಯಿಯವರು ಬರುವುದು ಬೇಡ. ಬಂದವರೆಲ್ಲ ಮಂಚದ ಪಕ್ಕ ನಿಂತು ಉಸ್ಸೆಂದು ಹೋಗುತ್ತಾರೆ. ಈ ಮನೆಗೆ ಯಾರ ಉಸ್ಸೂ ಬೇಕಾಗಿಲ್ಲ.

ಅವರು ಚೇತರಿಸಿಕೊಳ್ಳುತ್ತಿದ್ದಾರೆ. ಊಟದಲ್ಲಿ ಮಾತ್ರ ಹಟ ಬಂದಿದೆ. ಅನ್ನ ಸಾರು ತಿನ್ನುತ್ತಾರೆ, ಪಲ್ಯ ಮುಟ್ಟುವುದಿಲ್ಲ. ಹುರುಳಿಕಾಯಿ ಮಾಡಿದೆ, ಬದನೆಕಾಯಿ ಮಾಡಿದೆ, ರಸೆಲ್ ಮಾರುಕಟ್ಟೆಯಿಂದ ಎಳೆ ಗೋರಿಕಾಯಿ ತರಿಸಿ ಮಾಡಿದೆ. ಬಡಿಸಿದ ಹಾಗೇ ಇರುತ್ತದೆ. ನನ್ನ ಸೊಸೆ ಹಂಸ, “ಅತ್ತೆ, ಇಷ್ಟು ವರ್ಷ ಹೆದ್ರಿ ತಿಂತಿದ್ರು ಅನ್ಸತ್ತೆ, ಈಗ ಧೈರ್ಯ ಬಂದಿದೆ” ಎನ್ನುತ್ತಾಳೆ. ಅವಳಿಗೆ ಬಾಯಿ ಜಾಸ್ತಿ.

ಇಂತಿ,
ಅಣ್ಣಮ್ಮ


ಧಾರವಾಡ
30 ಆಗಸ್ಟ್ 1998

ಅಮ್ಮನವರಿಗೆ ನಮಸ್ಕಾರಗಳು.

ನನಗೆ ಗೊತ್ತಿದ್ದ ಉತ್ತರ ಅದಾಗಿರಲಿಲ್ಲ. ಇರಲಿ, ಪುಸ್ತಕ ಅವರದು.

ಈಗ ಒಂದು ಕಷ್ಟ ಬಂದಿದೆ. ಪುಟ ಹೆಚ್ಚಾಯಿತು, ಒಂದು ಅಧ್ಯಾಯ ಬಿಡಲೇಬೇಕು ಎಂದು ಪ್ರಕಾಶಕರು ಹಟ ಹಿಡಿದಿದ್ದಾರೆ. ಬಿಡುವುದಾದರೆ ನಾಲ್ಕನೆಯದು ಅಥವಾ ಐದನೆಯದು. ಉಳಿದವು ಒಂದಕ್ಕೊಂದು ಹೆಣೆದುಕೊಂಡಿವೆ. ನಾಲ್ಕನೆಯದು ವಿಗ್ರಹಗಳ ಕುರಿತದ್ದು. ಗ್ರೀಕರು ತಮ್ಮ ವಿಗ್ರಹಗಳಿಗೆ ಬಣ್ಣ ಬಳಿಯುತ್ತಿದ್ದರು, ಕಾಲಕ್ರಮದಲ್ಲಿ ಬಣ್ಣ ಹೋಯಿತು, ಕಣ್ಣಿಗೆ ಕಾಣದ್ದನ್ನು ಮುಂದಿನವರು ಇರಲೇ ಇಲ್ಲ ಎಂದುಕೊಂಡು ಬಿಳಿಯನ್ನೇ ಆದರ್ಶ ಮಾಡಿಕೊಂಡರು ಎಂಬ ವಾದ. ಐದನೆಯದು ಚೂರುಗಳದ್ದು. ಊರಿಗೆ ಅಪಾಯವೆನಿಸಿದ ದೊಡ್ಡ ಮನುಷ್ಯನ ಹೆಸರನ್ನು ಅಥೆನ್ಸಿನ ಜನ ಒಡೆದ ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಯಾರ ಹೆಸರು ಹೆಚ್ಚು ಬಂತೋ ಅವನು ಹತ್ತು ವರ್ಷ ಊರ ಹೊರಗೆ. ಆಪಾದನೆಯನ್ನು ಅವನಿಗೆ ತಿಳಿಸುವುದಿಲ್ಲ, ಅವನ ಮಾತು ಕೇಳುವುದೂ ಇಲ್ಲ. ಅಲ್ಲಿಂದ ಶುರುಮಾಡಿ ಸರ್, ಚೂರು ಚಿಂದಿ ಅಂಟಿಸುವ ನಮ್ಮ ಕಾಲದ ಚಿತ್ರಕಾರರವರೆಗೆ ಬರುತ್ತಾರೆ. ಒಡೆದ ಮೇಲೆ ಮಡಕೆ ಮಾಡಿದವನದಲ್ಲ, ಎತ್ತಿಕೊಂಡವನದು ಎನ್ನುತ್ತಾರೆ. ಈ ಪುಸ್ತಕದ ಹೃದಯ ಅದು.

ನನ್ನ ಪಾಲಿಗೆ ಇನ್ನೂ ಒಂದು ಕಾರಣವಿದೆ. ಬಿ.ಎ. ತರಗತಿಗೆ ಸರ್ ಒಂದು ದಿನ ಪಾಟರಿ ಟೌನಿನ ಕುಂಬಾರರಿಂದ ಒಂದು ಚೀಲ ಚೂರು ಹೊತ್ತು ತಂದು, “ಯಾರನ್ನ ಆಚೆ ಕಳಿಸ್ಬೇಕೋ ಬರೀರಿ” ಎಂದು ಎಲ್ಲರ ಕೈಗೂ ಒಂದೊಂದು ಮೊಳೆ ಕೊಟ್ಟರು. ನನ್ನ ಬೆರಳಿಗೆ ಗಾಯವಾಗಿತ್ತು. ನಮ್ಮಪ್ಪನದು ಪಿಂಗಾಣಿ ಅಂಗಡಿಯಲ್ಲವೇ, ತಟ್ಟೆ ಒಡೆದು ಕೊಯ್ದಿತ್ತು. “ಸಾರ್, ನನ್ದು ನೀವೇ ಗೀಚ್ಕೊಡಿ” ಎಂದೆ. “ಯಾರ ಹೆಸ್ರಮ್ಮ?” “ನಿಮ್ದೇ ಸಾರ್.” ತರಗತಿ ಬಿದ್ದು ಬಿದ್ದು ನಕ್ಕಿತು. ಸರ್ ಮಾತ್ರ ನಗಲಿಲ್ಲ. ‘ಮುನಿಆಂಜನಪ್ಪ’ ಎಂದು ಪೂರ್ತಿ ಹೆಸರು ಗೀಚಿ ನನ್ನ ಕೈಗಿಟ್ಟರು. ಆಮೇಲೆ ಅಥೆನ್ಸಿನ ಕಥೆ ಹೇಳಿದರು. ಅಲ್ಲಿಯೂ ಬರೆಯಲು ಬಾರದ ಒಬ್ಬ, ಪಕ್ಕದಲ್ಲಿದ್ದವನೇ ಅರಿಸ್ಟೈಡೀಸ್ ಎಂದು ತಿಳಿಯದೆ, ‘ಅರಿಸ್ಟೈಡೀಸ್ ಎಂದು ಬರೆದುಕೊಡಿ’ ಎಂದನಂತೆ. ಅವನೂ ತುಟಿ ಬಿಚ್ಚದೆ ತನ್ನ ಹೆಸರನ್ನೇ ಬರೆದುಕೊಟ್ಟನಂತೆ. ಐದನೆಯ ಅಧ್ಯಾಯ ನಮ್ಮ ತರಗತಿಯ ಆ ದಿನದಿಂದಲೇ ಆರಂಭವಾಗುತ್ತದೆ.

ಆದ್ದರಿಂದ ನಾಲ್ಕನೆಯದನ್ನು ಬಿಡುತ್ತೇನೆ ಎಂದುಕೊಂಡಿದ್ದೇನೆ. ಎರಡರ ಪ್ರೂಫನ್ನೂ ಇದರೊಂದಿಗೆ ಇಟ್ಟಿದ್ದೇನೆ. ಸರ್ ಹೂಂ ಎಂದರೆ ಸಾಕು.

ನಿಮ್ಮ
ಕುಲ್ಸುಂ


ಹಲಸೂರು
20 ಸೆಪ್ಟೆಂಬರ್ 1998

ಕುಲ್ಸುಂಗೆ,

ಕೇಳಿದೆ. ಎರಡು ದಿನ ಬಿಟ್ಟು ಮತ್ತೆ ಕೇಳಿದೆ. ನಾಲ್ಕನೆಯದು ಇರಬೇಕು. ಐದನೆಯದು ಬೇಡ.

ಇಂತಿ,
ಅಣ್ಣಮ್ಮ


ಧಾರವಾಡ
28 ಸೆಪ್ಟೆಂಬರ್ 1998

ಅಮ್ಮಾ,

ತಪ್ಪು ತಿಳಿಯಬೇಡಿ. ಸರ್ ಹಾಗೆಂದರೇ? ಯಾವ ಮಾತಿನಲ್ಲಿ ಹೇಳಿದರು? ಅವರು ಅಂದದ್ದನ್ನು ಅಂದ ಹಾಗೆಯೇ ಒಂದು ಸಾಲು ಬರೆಯಿರಿ. ಇಲ್ಲವಾದರೆ ಬಾಯಿಯ ಹತ್ತಿರ ಫೋನು ಹಿಡಿಯಿರಿ, ಕೂಗಿ ಕೇಳುತ್ತೇನೆ.

ಕುಲ್ಸುಂ


ಹಲಸೂರು
11 ಅಕ್ಟೋಬರ್ 1998

ಕುಲ್ಸುಂಗೆ,

ನೀನು ನನ್ನ ಮೇಲೆ ಅನುಮಾನಪಟ್ಟಿದ್ದೀಯೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಅವರಿಗೆ ಮಾತಿಲ್ಲ. ಏಪ್ರಿಲ್‌ನಲ್ಲಿ ಸ್ನಾನದ ಮನೆಯಲ್ಲಿ ಬಿದ್ದರು. ಲಕ್ವ ಹೊಡೆದಿದೆ ಎಂದರು. ಬಲಗೈ, ಬಲಗಾಲು ಹೋಯಿತು, ನಾಲಿಗೆಯೂ ಹೋಯಿತು. ಬರೆದು ತೋರಿಸು ಎಂದರೆ ಎಡಗೈಯಲ್ಲಿ ಗೀಟು ಎಳೆಯುತ್ತಾರೆ, ಅಕ್ಷರವಾಗುವುದಿಲ್ಲ. ಬುದ್ಧಿ ಮಾತ್ರ ಎಲ್ಲಿಯೂ ಹೋಗಿಲ್ಲ. ಮುಖ ನೋಡಿದರೆ ನನಗೆ ತಿಳಿಯುತ್ತದೆ. ಊರೆಲ್ಲ ಕೇಳಿದರೂ ಸಾಲು ತಪ್ಪದೆ ಮಾತಾಡುತ್ತಿದ್ದ ಮನುಷ್ಯ ಹೀಗೆ ಕೂತಿದ್ದಾನೆಂದು ನಾಲ್ಕು ಜನರಿಗೆ ತಿಳಿಸಲು ನನಗೆ ಮನಸ್ಸಾಗಲಿಲ್ಲ. ನಿನಗೂ ತಿಳಿಸಲಿಲ್ಲ.

ನಾನು ಕೇಳುವ ಬಗೆ ಹೀಗೆ. ನಮ್ಮ ಮನೆದೇವರು ಯಲ್ಲಮ್ಮ. ಮದುವೆ ಇರಲಿ, ಮನೆ ಕಟ್ಟುವುದಿರಲಿ, ಅವಳ ಮುಂದೆ ಹೂ ಕೇಳದೆ ನಾವು ಕೈ ಹಾಕುವುದಿಲ್ಲ. ಪೂಜಾರಿ ಅಮ್ಮನ ಎರಡು ಕಡೆಗೂ ಹೂ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ದೇವಿಗೂ ಬಾಯಿಲ್ಲ, ಆದರೆ ಅವಳು ಹೇಳಿದ್ದು ನಮ್ಮ ಮನೆಯಲ್ಲಿ ಯಾವತ್ತೂ ಸುಳ್ಳಾಗಿಲ್ಲ. ಅದೇ ಕ್ರಮದಲ್ಲಿ ಅವರ ತೊಡೆಯ ಮೇಲೆ ಮಣೆ ಇಟ್ಟು, ಎರಡು ಹಾಳೆ ಹಾಸಿ, ‘ನಿಮಗೆ ಬೇಕಾದದ್ದನ್ನು ಮುಟ್ಟಿ’ ಎನ್ನುತ್ತೇನೆ. ಶ್ರೇಷ್ಠವಾದದ್ದನ್ನು ಯಾವಾಗಲೂ ಬಲಕ್ಕೆ ಇಡುತ್ತೇನೆ. ನಿನ್ನ ಐದನೆಯ ಅಧ್ಯಾಯವನ್ನೂ ಬಲಕ್ಕೇ ಇಟ್ಟಿದ್ದೆ. ನನಗೂ ಅದೇ ಬೇಕಾಗಿತ್ತು ಎಂದು ತಿಳಿದುಕೊ. ಅವರು ಎಡಗಡೆಯದನ್ನು ಮುಟ್ಟಿದರು. ಎರಡು ಸಲವೂ.

ಮುಟ್ಟುವಾಗ ಕಣ್ಣಲ್ಲಿ ನೀರು ಬಂತು. ಈ ಕಾಯಿಲೆಯಲ್ಲಿ ಹಾಗೆ ಬರುತ್ತದೆಂದು ಡಾಕ್ಟರು ಹೇಳಿದ್ದಾರೆ.

ಇನ್ನು ಮೇಲೆ ನನ್ನನ್ನು ಪರೀಕ್ಷಿಸಬೇಡ.

ಅಣ್ಣಮ್ಮ


ಧಾರವಾಡ
2 ನವೆಂಬರ್ 1998

ಅಮ್ಮಾ,

ಮೂರು ವಾರದಿಂದ ನಿಮಗೆ ಕಾಗದ ಬರೆಯಲು ಕೂರುತ್ತೇನೆ, ಏಳುತ್ತೇನೆ. ನನ್ನನ್ನು ಕ್ಷಮಿಸಿ. ನೀವು ಒಬ್ಬರೇ ಇಷ್ಟೆಲ್ಲ ಹೊತ್ತುಕೊಂಡಿರುವಾಗ ನಾನು ಸಾಕ್ಷಿ ಕೇಳಿದೆ.

ಸರ್ ಯಾಕೆ ಬೇಡವೆಂದರೋ ಈಗ ನನಗೆ ತಿಳಿಯುತ್ತಿದೆ. ಕಳೆದ ಸಂಕ್ರಾಂತಿಯ ರಜೆಯಲ್ಲಿ ಬಂದಾಗ ನಿಮ್ಮ ಜಗಲಿಯ ಮೇಲೆ ಕುಳಿತು ನಾನು ಅವರೊಂದಿಗೆ ಜಗಳವಾಡಿದ್ದೆ. “ಚಿತ್ರ ಬರೆಯೋನು ಚೂರನ್ನ ಅಂದಕ್ಕೆ ಆರಿಸ್ತಾನೆ ಸರ್, ಅಥೆನ್ಸಿನೋನು ಸಿಟ್ಟಿಗೆ ಆರಿಸ್ತಾನೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ರೆ ಅದು ಇತಿಹಾಸ ಅಲ್ಲ, ಬರೀ ಭಾವುಕತೆ” ಎಂದೆ. ಅವರು, “ಇರ್ಬೋದಮ್ಮ” ಎಂದರು. ಅಷ್ಟೇ ನಮ್ಮ ಕೊನೆಯ ಮಾತು. ನಾನು ಸುಮ್ಮನೆ ಬಾಯಿ ಚಪಲಕ್ಕೆ ಅಂದದ್ದನ್ನು ಅವರು ಮನಸ್ಸಿಗೆ ಹಚ್ಚಿಕೊಂಡು ಆ ಅಧ್ಯಾಯವನ್ನೇ ಹೊರಗೆ ಹಾಕುತ್ತಿದ್ದಾರೆ.

ಐದನೆಯದನ್ನು ತೆಗೆದಿದ್ದೇನೆ. ಇನ್ನೊಂದೇ ಕೇಳಬೇಕು, ಆಮೇಲೆ ನಿಮಗೆ ತೊಂದರೆ ಕೊಡುವುದಿಲ್ಲ. ಮುನ್ನುಡಿಯ ಕೊನೆಯಲ್ಲಿ ಒಂದು ಸಾಲಿದೆ: ‘ನನ್ನ ಹೆಸರನ್ನು ನನ್ನ ಕೈಯಿಂದಲೇ ಬರೆಸಿದ ವಿದ್ಯಾರ್ಥಿನಿ ಉಮ್ಮೆ ಕುಲ್ಸುಂಗೆ ಈ ಪುಸ್ತಕ ಋಣಿ.’ ಅಧ್ಯಾಯವೇ ಇಲ್ಲದ ಮೇಲೆ ಈ ಸಾಲು ಇರಬೇಕೇ? ಸಾಲು ಇರುವ ಪ್ರೂಫು, ಇಲ್ಲದ ಪ್ರೂಫು ಎರಡನ್ನೂ ಇಟ್ಟಿದ್ದೇನೆ.

ಕುಲ್ಸುಂ


ಹಲಸೂರು
22 ನವೆಂಬರ್ 1998

ಕುಲ್ಸುಂಗೆ ಆಶೀರ್ವಾದಗಳು.

ನಿನ್ನ ಸಾಲು ಇರುವ ಹಾಳೆಯನ್ನು ಬಲಕ್ಕೆ ಇಟ್ಟೆ. ಅವರು ಅದರ ಕಡೆ ನೋಡಲಿಲ್ಲ. ಎಡಗಡೆಯದರ ಮೇಲೆ ಕೈ ಇಟ್ಟರು.

ಹಂಸ ಅಲ್ಲೇ ಇದ್ದಳು. “ಅತ್ತೆ, ಪಾಪ, ಆ ಹುಡ್ಗಿಗೆ ಇರ್ಲಿ ಅಂದ್ರು ಅಂತ ಬರ್ದ್ಬಿಡಿ. ಯಾರಿಗ್ ಗೊತ್ತಾಗತ್ತೆ?” ಎಂದಳು. ಅವರ ಬಾಯಿ ನಿಂತುಹೋಗಿದೆ ಎಂದು ಅವರ ಬಾಯಲ್ಲಿ ನಾನು ಸುಳ್ಳು ಆಡುವುದಿಲ್ಲ. ಆದದ್ದನ್ನು ಆದ ಹಾಗೆ ಬರೆದಿದ್ದೇನೆ. ನೀನು ಓದಿದವಳು, ತಡೆದುಕೊಳ್ಳಬೇಕು. ನಾನೂ ತಡೆದುಕೊಳ್ಳುತ್ತಿದ್ದೇನೆ.

ಇಂತಿ,
ಅಣ್ಣಮ್ಮ


ಧಾರವಾಡ
14 ಡಿಸೆಂಬರ್ 1998

ಅಮ್ಮನವರಿಗೆ ನಮಸ್ಕಾರಗಳು.

ಸಾಲನ್ನು ತೆಗೆದಿದ್ದೇನೆ. ಪುಸ್ತಕ ಮುದ್ರಣಕ್ಕೆ ಹೋಗಿದೆ. ಯುಗಾದಿಯ ಒಳಗೆ ಪ್ರತಿಗಳು ನಿಮಗೆ ತಲುಪುತ್ತವೆ.

ಉಮ್ಮೆ ಕುಲ್ಸುಂ


ಹಲಸೂರು
24 ಜನವರಿ 1999

ಕುಲ್ಸುಂ,

ಈ ಕಾಗದ ಕೈಗೆ ಬಂದ ಕೂಡಲೇ ಮುದ್ರಣ ನಿಲ್ಲಿಸು. ನಿನ್ನ ಕಾಲೇಜಿಗೆ ಎರಡು ಸಲ ಫೋನು ಮಾಡಿಸಿದೆ. ನೀನು ವಿಚಾರ ಸಂಕಿರಣಕ್ಕೆಂದು ಬರೋಡಾಕ್ಕೆ ಹೋಗಿದ್ದೀಯೆ, ತಿಂಗಳ ಕೊನೆಗೆ ಬರುತ್ತೀಯೆ ಎಂದರು. ಪ್ರಕಾಶಕರ ವಿಳಾಸ ನಾನು ಕೇಳಿಟ್ಟುಕೊಂಡಿರಲಿಲ್ಲ. ನಿನ್ನ ತಾಯಿಯವರ ಹತ್ತಿರವೂ ಇಲ್ಲವಂತೆ. ಪೂರ್ತಿ ಓದು.

ರಂಜಾನ್ ಹಬ್ಬದ ಮಾರನೆಯ ದಿನ ನಿನ್ನ ತಾಯಿ ಇಮಾಮ್ ಬೀ ಇಲ್ಲಿಗೆ ಬಂದರು. ನಾನು ಬೇಡವೆಂದಿದ್ದೆ, ಆದರೂ ಬಂದರು. ಕೈಯಲ್ಲಿ ಹಬ್ಬದ ಶಾವಿಗೆ ಪಾಯಸ, ಶೀರ್ ಖುರ್ಮಾದ ಡಬ್ಬಿ. ಬಾಗಿಲಲ್ಲೇ ನಿಂತು, “ಮೇಷ್ಟ್ರು ಮಲಗಿದ್ದಾರೆ” ಎಂದೆ. ಅವರು ನನ್ನ ಭುಜದ ಮೇಲಿಂದ ಒಳಗೆ ನೋಡಿ, “ಮಲ್ಕೊಂಡೇ ಊಟ ಮಾಡ್ತಾವ್ರಾ ಅಮ್ಮಾ?” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದೇಬಿಟ್ಟರು.

ಯಜಮಾನರು ಕುರ್ಚಿಯಲ್ಲಿ ಕುಳಿತು ಊಟ ಮಾಡುತ್ತಿದ್ದರು. ನಿನ್ನ ತಾಯಿ ಅವರ ಬಲಗಡೆ ನಿಂತು, “ಸಾಬ್, ಸಲಾಂ. ನಾನು, ಕುಲ್ಸುಂ ಅಮ್ಮಿ” ಎಂದರು. ಅವರು ಮುಖ ಎತ್ತಿ ಎದುರಿನ ಬಾಗಿಲ ಕಡೆ ನೋಡಿದರು, ಇವರ ಕಡೆ ತಿರುಗಲಿಲ್ಲ. ನನಗೆ ನಾಚಿಕೆಯಾಯಿತು. ನಿನ್ನ ತಾಯಿಯೂ ಪೆಚ್ಚಾದರು. ಆಮೇಲೆ ತಟ್ಟೆ ನೋಡಿ, “ಅವರೆಕಾಳು ಪಲ್ಯ ಹಂಗೇ ಐತಲ್ಲಮ್ಮ” ಎಂದರು. “ಅವರಿಗೆ ನನ್ನ ಪಲ್ಯ ಸೇರುವುದಿಲ್ಲ” ಎಂದೆ. ಹೊರಗಿನವರ ಎದುರು ಆ ಮಾತು ಆಡಿದ್ದು ಅದೇ ಮೊದಲು.

ನಿನ್ನ ತಾಯಿ ಖುರ್ಮಾದ ಬಟ್ಟಲಿಗೆ ಜಾಗ ಮಾಡಲು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಅಷ್ಟೇ ಕುಲ್ಸುಂ. ಯಜಮಾನರು ಪಲ್ಯವನ್ನು ಕಂಡು ಒಂದು ಕ್ಷಣ ತಡೆದರು. ಆಮೇಲೆ ಎಡಗೈಯಲ್ಲಿ ಬಾಚಿ ಬಾಚಿ ತಿಂದರು. ಮುಗಿಸಿದರು. ಈಗ ಅನ್ನ ಬಲಕ್ಕೆ ಹೋಗಿತ್ತು, ಅದು ಹಾಗೇ ಉಳಿಯಿತು. ನಾನು ತಟ್ಟೆ ತಿರುಗಿಸಿದೆ. ಅನ್ನ ತಿಂದರು. “ಸೇರೋದು ಬಿಡೋದು ಆಮೇಲಮ್ಮ, ಮೊದ್ಲು ಕಾಣ್ಬೇಕಲ್ಲ” ಎಂದರು ನಿನ್ನ ತಾಯಿ.

ಅವರಿಗೆ ಬಲಗಡೆ ಕಾಣುವುದಿಲ್ಲ. ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬಿದ್ದ ದಿನದಿಂದಲೇ ಎರಡು ಕಣ್ಣಿಗೂ ಬಲಭಾಗ ಹೋಗಿದೆ ಎಂದರು. ಕೈ ಎತ್ತಿಸಿ ನೋಡಿದ್ದರು, ಕಾಲು ಎತ್ತಿಸಿ ನೋಡಿದ್ದರು. ಕಣ್ಣು ಯಾರೂ ಕೇಳಿರಲಿಲ್ಲ, ಅವರಿಗೆ ಹೇಳಲು ಬಾಯಿಲ್ಲ. ಮೊದಲಿನಿಂದ ಇವರು ಅರ್ಧ ಹೊಟ್ಟೆಯಲ್ಲಿದ್ದರು. ನಾನು ಹಟ ಎಂದುಕೊಂಡೆ.

ನಾನು ಶ್ರೇಷ್ಠವಾದದ್ದನ್ನೆಲ್ಲ ಬಲಕ್ಕೆ ಇಟ್ಟೆ. ಅವರ ಮುಂದೆ ಇದ್ದದ್ದು ಒಂದೇ ಹಾಳೆ.

ಮನೆಗೆ ಬಂದು ಪ್ರೂಫುಗಳನ್ನು ತೆಗೆದೆ. ಈ ಸಲ ಎರಡನ್ನೂ ಎಡಗಡೆಯೇ ಒಂದರ ಕೆಳಗೆ ಒಂದು ಇಟ್ಟೆ. ಐದನೆಯದನ್ನು ಮುಟ್ಟಿದರು. ಮೇಲಿನದನ್ನು ಕೆಳಗೆ ಮಾಡಿದೆ. ಆಗಲೂ ಐದನೆಯದನ್ನೇ ಮುಟ್ಟಿದರು. ನಿನ್ನ ಸಾಲು ಇರುವ ಹಾಳೆ ಇಟ್ಟಾಗ ಅದರ ಮೇಲೆ ಅಂಗೈ ಒತ್ತಿ ಹಿಡಿದರು, ನಾನು ಎಳೆದುಕೊಳ್ಳುತ್ತೇನೆ ಎನ್ನುವ ಹಾಗೆ. ಪುಸ್ತಕದ ಹೆಸರೂ ‘ಮಡಕೆ ಚೂರು, ಹೊಸ ಚಿತ್ರ’.

ಅವರು ನಿನ್ನ ಮೇಲೆ ಮುನಿದಿಲ್ಲ. ಮುನಿದೇ ಇರಲಿಲ್ಲ. ಮುದ್ರಣ ನಿಲ್ಲಿಸು.

ಅಣ್ಣಮ್ಮ


ಧಾರವಾಡ
3 ಫೆಬ್ರವರಿ 1999

ಅಮ್ಮಾ,

ನಿನ್ನೆ ಬರೋಡಾದಿಂದ ಬಂದೆ. ಬೀಗ ತೆಗೆದಾಗ ನಿಮ್ಮ ಕಾಗದ ಬಾಗಿಲ ಕೆಳಗೆ ಬಿದ್ದಿತ್ತು. ಚೀಲ ಅಲ್ಲೇ ಇಟ್ಟು ಪ್ರೆಸ್ಸಿಗೆ ಓಡಿದೆ. ಪುಸ್ತಕದ ಕಟ್ಟುಗಳು ಗೋಡೆಗೆ ಒರಗಿದ್ದವು. ಪ್ರಕಾಶಕರು, “ಎಲ್ಲಾ ಮುಗದೈತ್ರಿ ಮೇಡಂ. ಅಚ್ಚು ಆತು, ಹೊಲಿಗಿ ಆತು, ಕವರೂ ಹಚ್ಚೇವಿ. ಇನ್ನ ಏನ್ ಮಾಡ್ಲಿಕ್ಕೂ ಬರೂದಿಲ್ಲ. ಎರಡನೇ ಮುದ್ರಣಕ್ಕ ನೋಡೂಣು ತಗೋರಿ” ಎಂದರು. ಗ್ರೀಕ್ ಇತಿಹಾಸದ ಕನ್ನಡ ಪುಸ್ತಕಕ್ಕೆ ಎರಡನೆಯ ಮುದ್ರಣ ಆಗುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಅಲ್ಲಿ ಅತ್ತೆ. ಅವರು ಚಹಾ ತರಿಸಿ ಕೊಟ್ಟರು.

ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಸರ್ ಆ ಅಧ್ಯಾಯವನ್ನು ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ರೈಲು ಹತ್ತಿ ಬಂದು ಎದುರಿಗೆ ಕುಳಿತು ಕೇಳಲಿಲ್ಲ. ಅವರು ನನ್ನನ್ನು ಹೊರಗೆ ಹಾಕಿದರು ಎಂಬ ನೋವನ್ನೇ ಸಾಕಿಕೊಂಡು ಕುಳಿತೆ. ಅದು ನನಗೆ ಸುಲಭವಾಗಿತ್ತು.

ಐದನೆಯ ಅಧ್ಯಾಯದ ಹಸ್ತಪ್ರತಿ ನನ್ನ ಬಳಿ ಭದ್ರವಾಗಿದೆ. ಪರೀಕ್ಷೆಯ ಕೆಲಸ ಮುಗಿದ ಕೂಡಲೇ ತರುತ್ತೇನೆ. ಪ್ರತಿಗಳನ್ನು ಕಳಿಸಲೋ ಬೇಡವೋ, ನೀವೇ ಹೇಳಿ.

ನಿಮ್ಮ
ಕುಲ್ಸುಂ


ಹಲಸೂರು
21 ಮಾರ್ಚ್ 1999

ಕುಲ್ಸುಂಗೆ ಆಶೀರ್ವಾದಗಳು.

ಕಳಿಸು ಎಂದು ಒಂದೇ ಸಾಲು ಬರೆದಿದ್ದೆ. ಪ್ರತಿಗಳು ಬಂದವು. ಯುಗಾದಿಗೆ ನೆಂಟರನ್ನು ಕರೆಯುವುದು ಬೇಡವೆಂದು ಮಗನೂ ಸೊಸೆಯೂ ಹೇಳಿದರು. ನಾನು ಕರೆದೆ. ಒಬ್ಬಟ್ಟು ಮಾಡಿಸಿದೆ. ಅವರಿಗೆ ಹೊಸ ಪಂಚೆ ಉಡಿಸಿ ನಡುಮನೆಯಲ್ಲಿ ಕೂರಿಸಿ, ಪುಸ್ತಕಗಳನ್ನು ಎಡಗಡೆ ಪೇರಿಸಿಟ್ಟೆ. ಬಂದವರೆಲ್ಲ ಎಡಗಡೆಯಿಂದಲೇ ಬಂದು ತೆಗೆದುಕೊಂಡರು. ಎಡಗೈಯೊಂದರಲ್ಲೇ ಕೊಟ್ಟರು, ಒಂದೂ ಕೆಳಗೆ ಬೀಳಲಿಲ್ಲ. ನನ್ನ ಮೈದುನ ಅಂಜನಮೂರ್ತಿ, “ಏನಣ್ಣಾ, ಮಡಕೆ ಮಡಕೆ ಅಂತಿದ್ದೆ, ಇದ್ರಲ್ಲಿ ಬರೀ ಬಿಳೀ ಬೊಂಬೆ ಐತಲ್ಲ?” ಎಂದ. ಎಲ್ಲರೂ ನಕ್ಕರು. ಈ ಸಲ ಅವರು ನಗಲಿಲ್ಲ.

ನೀನು ಹೇಳದೆ ಬಿಟ್ಟದ್ದನ್ನು ಹೇಳಿದೆ, ನಾನೂ ಒಂದು ಹೇಳುತ್ತೇನೆ. ಆ ಐದನೆಯ ಅಧ್ಯಾಯದಲ್ಲಿ ನನ್ನ ಮಾತೂ ಒಂದಿತ್ತು. ಒಮ್ಮೆ ಕಸ್ತೂರಬಾ ರಸ್ತೆಯಲ್ಲಿ ಚಿತ್ರ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದರು. ಒಡೆದ ಮಡಕೆ, ಹರಿದ ಚೀಲ ಅಂಟಿಸಿದ ಒಂದು ಚಿತ್ರದ ಎದುರು ನಿಂತು, “ಹೆಂಗಿದೆ?” ಎಂದರು. “ಇದನ್ನ ಒಡೆದೋಳು ಯಾರೋ ಬೈಸ್ಕೊಂಡಿರ್ತಾಳೆ, ಅಂಟಿಸ್ದೋನಿಗೆ ಹಾರ ಹಾಕಿದಾರೆ” ಎಂದೆ. ಅದನ್ನು ‘ನನ್ನ ಮನೆಯವರು ಹೇಳಿದಂತೆ’ ಎಂದು ಹಾಗೇ ಬರೆದಿದ್ದರು. ಅವರು ಅದನ್ನು ಬೇಡವೆಂದಾಗ ನನಗೆ ಏನಾಯಿತೆಂದು ನಾನು ಯಾರಿಗೂ ಹೇಳಲಿಲ್ಲ. ನಿನಗೆ ನೋವಾಗಿತ್ತು ನೋಡು, ಹಾಗೆಯೇ.

ಈಗ ಬರೆಯಬೇಕಾದದ್ದು ಬೇರೆ ಇದೆ. ಬಲಗಡೆ ಏನೂ ಇಲ್ಲವೆಂದುಕೊಳ್ಳಬಾರದು, ತಲೆ ತಿರುಗಿಸಿ ನೋಡಬೇಕು ಎಂದು ಡಾಕ್ಟರು ಅಭ್ಯಾಸ ಮಾಡಿಸಲು ಹೇಳಿದ್ದಾರೆ. ಹಂಸ ದಿನಾ ಬಲಗಡೆ ಕುಳಿತು, ಕಿತ್ತಳೆ ತೊಳೆ ಹಿಡಿದು, “ಮಾವಾ, ಈ ಕಡೆ, ಇನ್ನೂ ಈ ಕಡೆ, ಹಾಂ, ಸಿಕ್ತು” ಎಂದು ಕಲಿಸಿದಳು. ಕಲಿತಿದ್ದಾರೆ. ಮೇಷ್ಟ್ರಾಗಿದ್ದವರು, ಶಿಷ್ಯರಾಗಿಯೂ ಚೆನ್ನಾಗಿಯೇ ಕಲಿತರು.

ನೆಂಟರು ಹೋದ ಮೇಲೆ ಅವರು ಒಂದು ಪ್ರತಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಓದುತ್ತಾರೋ ಇಲ್ಲವೋ ನನಗೆ ತಿಳಿಯದು. ಹಾಳೆ ತಿರುಗಿಸುತ್ತಾರೆ. ನಾಲ್ಕನೆಯ ಅಧ್ಯಾಯ ಮುಗಿಯುವ ಕಡೆ ಬಂದು ನಿಲ್ಲುತ್ತಾರೆ. ಮುಂದಿನ ಹಾಳೆ ತಿರುಗಿಸಿ ಮತ್ತೆ ಹಿಂದಕ್ಕೆ ಬರುತ್ತಾರೆ. ಆಮೇಲೆ ನಾವು ಕಲಿಸಿದ ಹಾಗೆ ತಲೆಯನ್ನು ಬಲಕ್ಕೆ ತಿರುಗಿಸುತ್ತಾರೆ. ಪುಸ್ತಕದ ಅಂಚು ದಾಟಿ, ಕುರ್ಚಿಯ ಕೈ ದಾಟಿ, ಗೋಡೆಯವರೆಗೂ ನೋಡುತ್ತಾರೆ. ಅದು ಅಲ್ಲೇ ಎಲ್ಲೋ ಇದೆ, ತಮಗೆ ಕಾಣುತ್ತಿಲ್ಲ ಎಂದುಕೊಂಡಿದ್ದಾರೆ. ಮೂರು ದಿನದಿಂದ ಇದೇ ಆಗಿದೆ.

ನಾನು ಹೇಳಬೇಕು. ಅಡುಗೆಮನೆಯಿಂದ ಹೇಳುತ್ತೇನೆಂದೇ ಹೊರಡುತ್ತೇನೆ. ಈ ಮನೆಯಲ್ಲಿ ಹೇಳಬೇಕಾದದ್ದನ್ನು ಹೇಳಲು ನಾನು ಯಾವತ್ತೂ ಹಿಂದೆಗೆದವಳಲ್ಲ. ಹತ್ತಿರ ಹೋದರೆ ಬಾಯಿ ಬರುವುದಿಲ್ಲ. ಪರೀಕ್ಷೆ ಇರಲಿ, ಏನೇ ಇರಲಿ, ಆ ಹಾಳೆಗಳನ್ನು ತೆಗೆದುಕೊಂಡು ನೀನು ಬಾ. ನೀನು ಹೇಳು. ಬಂದಾಗ ಅವರ ಎಡಗಡೆ ಕೂರು.

ಈಗ ಇದನ್ನು ಬರೆಯುತ್ತಿರುವಾಗಲೂ ಅವರು ನನ್ನನ್ನು ನೋಡಿ ಪುಸ್ತಕವನ್ನು ಮುಂದಕ್ಕೆ ಹಿಡಿದಿದ್ದಾರೆ. ತಟ್ಟೆಯನ್ನು ಹೀಗೆಯೇ ಹಿಡಿಯುತ್ತಾರೆ, ತಿರುಗಿಸಿ ಕೊಡು ಎಂದು. ಪೆನ್ನು ಕೆಳಗಿಟ್ಟು ಎದ್ದೆ. ತಿರುಗಿಸಿ ಕೊಟ್ಟು ಬಂದೆ. ತಲೆಕೆಳಗಾದ ಆ ಹಾಳೆಗಳಲ್ಲಿ ಹುಡುಕುತ್ತಿದ್ದಾರೆ.

ಅಣ್ಣಮ್ಮ